ಬಿಸಿಲಮ್ಮನ ಗಾಜಿನ ಗುಂಡು

ಆಕೆಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು, ಆದರೆ ಸೇವಾ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಹವಾಮಾನ ಕೇಂದ್ರದಲ್ಲಿ ಮೂವತ್ತಮೂರು ವರ್ಷ ಬಿಸಿಲು ಅಳೆದು ಅಳೆದು ಎಲ್ಲರ ಬಾಯಲ್ಲೂ ಬಿಸಿಲಮ್ಮ ಆಗಿಬಿಟ್ಟಿದ್ದಳು. ಬಿಸಿಲನ್ನೂ ಅಳೆಯುತ್ತಾರಾ ಎಂದು ಯಾರಾದರೂ ಹಲ್ಲು ಕಿರಿದರೆ ಮುಗಿಯಿತು, ಅವರನ್ನು ಕೂರಿಸಿಕೊಂಡು ಪಾಠ ಮಾಡಿಯೇ ಕಳಿಸುವ ಹೆಂಗಸು. ಕಟ್ಟೆಯ ಮೇಲೆ ಒಂದು ಗಾಜಿನ ಗುಂಡು, ಎರಡು ಕೈಯಲ್ಲಿ ಎತ್ತುವಷ್ಟು ದೊಡ್ಡದು. ಅದರ ಬೆನ್ನಿಗೆ ಲೋಹದ ಬಟ್ಟಲು, ಬಟ್ಟಲಿಗೆ ಸಿಕ್ಕಿಸಿದ ನೀಲಿ ರಟ್ಟಿನ ಪಟ್ಟಿ. ಸೂರ್ಯ ಸರಿದ ಹಾಗೆಲ್ಲ ಗುಂಡನ್ನು ಹಾದು ಬಂದ ಬೆಳಕು ಪಟ್ಟಿಯ ಮೇಲೆ ಒಂದು ಗೆರೆ ಸುಡುತ್ತಾ ಹೋಗುತ್ತದೆ, ಮೋಡ ಅಡ್ಡ ಬಂದರೆ ಗೆರೆ ನಿಲ್ಲುತ್ತದೆ. ಸಂಜೆ ಪಟ್ಟಿ ತೆಗೆದು, ಸುಟ್ಟಷ್ಟನ್ನು ಅಳೆದು, ದಾಖಲೆ ಪುಸ್ತಕಕ್ಕೆ ಬರೆದರೆ ಆ ದಿನದ ಕೆಲಸ ಮುಗಿಯಿತು. ಇಷ್ಟನ್ನು ಆಕೆ ಒಂದು ದಿನವೂ ತಪ್ಪಿಸದೆ ಮಾಡಿದ್ದಳು. ಜ್ವರ ಬಂದಾಗ ಕಂಬಳಿ ಹೊದ್ದು ಬಂದಿದ್ದಳು. ಗಂಡ ತೀರಿಕೊಂಡ ದಿನದ ಸಂಜೆಯೂ ಬಂದು ಪಟ್ಟಿ ಬದಲಿಸಿ ಹೋಗಿದ್ದಳು. ಅದನ್ನು ಕಂಡು ಕಲ್ಲೆದೆಯವಳು ಎಂದರು ಕೆಲವರು. ಅನ್ನಲಿ ಬಿಡಿ, ಅನ್ನುವವರ ಬಾಯಿಗೆ ಬೀಗ ಹಾಕುವವರು ಯಾರು.

ಈ ತಪ್ಪದ ದಾಖಲೆಯೇ ಆಕೆಯ ತಂಗಿಯ ಮಗಳ ಕೈಗೆ ಸಿಕ್ಕ ಭಾಗ್ಯ. ತಂಗಿಯ ಮಗಳು ಹವಾಮಾನದ ಸಂಶೋಧಕಿ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಉದ್ದ ಬೆಳೆದಿದ್ದರೂ ಮನೆಯಲ್ಲಿ ಇನ್ನೂ ಪುಟ್ಟಿಯೇ. ಭೂಮಿ ವರ್ಷದಿಂದ ವರ್ಷಕ್ಕೆ ಕಾಯುತ್ತಿದೆ ಎಂಬುದು ಈಗ ಹಸುಗೂಸಿಗೂ ಗೊತ್ತು. ಅದನ್ನು ತಣಿಸಲು ವಿಮಾನಗಳಿಂದ ಆಕಾಶದ ಎತ್ತರಕ್ಕೆ ಗಂಧಕದ ತೆಳ್ಳನೆಯ ಮಬ್ಬು ಎರಚಿ ಬಿಸಿಲಿಗೇ ಪರದೆ ಕಟ್ಟೋಣ ಎಂದು ಒಬ್ಬ ಹಿರಿಯ ಪ್ರೊಫೆಸರು ಯೋಜನೆ ಹಾಕಿದ್ದರು. ಪುಟ್ಟಿ ಅವರಿಗೆ ಕೊಡೆ ಮೇಷ್ಟ್ರು ಎಂದು ಹೆಸರಿಟ್ಟಿದ್ದಳು. ಬೇಡವೆನಿಸಿದ ದಿನ ಎರಚುವುದು ನಿಲ್ಲಿಸಿದರಾಯಿತು, ಒಂದೂವರೆ ವರ್ಷದಲ್ಲಿ ಆಕಾಶ ತಾನಾಗಿ ತಿಳಿಯಾಗುತ್ತದೆ ಎಂಬುದು ಕೊಡೆ ಮೇಷ್ಟ್ರ ವಾದ. ಇಲ್ಲ, ಮೂರು ವರ್ಷ ಹಿಡಿಯುತ್ತದೆ, ಅಷ್ಟರೊಳಗೆ ಬೆಳೆ ಮಳೆ ಎಲ್ಲ ಏರುಪೇರಾಗುತ್ತದೆ ಎಂಬುದು ಪುಟ್ಟಿಯ ವಾದ. ಆಕೆಯ ಸಾಕ್ಷಿ ದೊಡ್ಡಮ್ಮನ ಪಟ್ಟಿಗಳು. ಪುಟ್ಟಿ ಹುಟ್ಟುವುದಕ್ಕೆ ಮೂರು ವರ್ಷ ಮೊದಲು ಸಮುದ್ರದಾಚೆ ಎಲ್ಲೋ ಒಂದು ಅಗ್ನಿಪರ್ವತ ಸಿಡಿದು ಇಂಥದೇ ಮಬ್ಬನ್ನು ಇಡೀ ಭೂಮಿಗೆ ಹರಡಿತ್ತು. ಆ ವರ್ಷಗಳಲ್ಲಿ ಸುತ್ತಲ ಸೀಮೆಯಲ್ಲೆಲ್ಲ ಒಂದು ದಿನವೂ ಬಿಟ್ಟುಹೋಗದೆ ಬಿಸಿಲು ಅಳೆದದ್ದು ಬಿಸಿಲಮ್ಮನ ಕೇಂದ್ರ ಒಂದೇ. ಐದು ವರ್ಷ ಪುಟ್ಟಿ ಆ ಪಟ್ಟಿಗಳ ಮೇಲೆ ಭೂತಗನ್ನಡಿ ಹಿಡಿದು ಕೂತಿದ್ದಳು.

ವಿಚಾರಣೆ ಇವತ್ತೇ, ಮಧ್ಯಾಹ್ನ ಮೂರಕ್ಕೆ. ಯೋಜನೆಗೆ ಒಪ್ಪಿಗೆ ಕೊಡಬೇಕಾದ ಸಮಿತಿಯ ಮುಂದೆ ಪುಟ್ಟಿಯ ಮಾತು ನಿಂತರೆ ಯೋಜನೆ ನಿಲ್ಲುತ್ತದೆ, ಬಿದ್ದರೆ ಮುಂದಿನ ತಿಂಗಳು ವಿಮಾನಗಳು ಹಾರುತ್ತವೆ.

ಬೆಳಿಗ್ಗೆ ಎಂಟಕ್ಕೆ ಪುಟ್ಟಿ ಪಟ್ಟಿಗಳೂ ಹಳೆಯ ದಾಖಲೆ ಪುಸ್ತಕವೂ ಇದ್ದ ಪೆಟ್ಟಿಗೆಯನ್ನು ಒಯ್ಯಲು, ದೊಡ್ಡಮ್ಮನನ್ನು ಕರೆದೊಯ್ಯಲು ಬಂದಳು. ಬಿಸಿಲಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಆರಕ್ಕೇ ತಯಾರಾಗಿ ಕೂತಿದ್ದಳು. ಸಮಿತಿಯವರು ಏನಾದರೂ ಕೇಳಿದರೆ ಹೇಳಬೇಕಲ್ಲ. ಪುಟ್ಟಿ ಊಟದ ಮೇಜಿನ ಮೇಲಿದ್ದ ತಟ್ಟೆ ಲೋಟ ಸರಿಸಿ ಒಂದು ದೊಡ್ಡ ಹಾಳೆ ಬಿಡಿಸಿದಳು. ಐದು ವರ್ಷದ ಕೆಲಸವೆಲ್ಲ ಒಂದು ಗೆರೆಯಾಗಿ ಅದರ ಮೇಲಿತ್ತು. ಗೆರೆ ಅಗ್ನಿಪರ್ವತ ಸಿಡಿದ ವರ್ಷ ಕೆಳಗಿಳಿದಿತ್ತು, ಮೂರು ವರ್ಷ ತಳದಲ್ಲೇ ಹೊರಳಾಡಿತ್ತು, ಆಮೇಲೆ ಒಂದೇ ತಿಂಗಳಲ್ಲಿ ಮೆಟ್ಟಿಲು ಹತ್ತಿದ ಹಾಗೆ ನೆಟ್ಟಗೆ ಮೇಲೆದ್ದಿತ್ತು. ಪುಟ್ಟಿ ಆ ಮೆಟ್ಟಿಲ ಮೇಲೆ ಬೆರಳಿಟ್ಟು ನಕ್ಕಳು.

“ಇದ್ಯಾವ ತಿಂಗಳು ಹೇಳು ದೊಡ್ಡಮ್ಮ. ನಾನು ಹುಟ್ಟಿದ ತಿಂಗಳು. ನಾನು ಬಂದೆ, ಆಕಾಶ ತಿಳಿಯಾಯ್ತು.”

ಬಿಸಿಲಮ್ಮ ಆ ಮೆಟ್ಟಿಲನ್ನೇ ನೋಡಿದಳು. ನಗಲು ಹೋದಳು, ತುಟಿ ಮಾತ್ರ ಅಗಲವಾಯಿತು. ಆ ತಿಂಗಳು ಆಕೆಗೆ ಚೆನ್ನಾಗಿ ನೆನಪಿತ್ತು. ಆ ತಿಂಗಳು ಆಕಾಶಕ್ಕೆ ಏನೂ ಆಗಿರಲಿಲ್ಲ.

ಆಗಿದ್ದು ಇಷ್ಟು. ಅಗ್ನಿಪರ್ವತ ಸಿಡಿದ ವರ್ಷ ಆಕೆ ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ. ಸಿಡಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತೇನೋ, ತನಗೂ ಅದಕ್ಕೂ ಸಂಬಂಧವಿದೆಯೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಆಕೆ ಕಂಡದ್ದು ಪಟ್ಟಿಯ ಮೇಲಿನ ಗೆರೆ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದದ್ದನ್ನು. ಬೆಳಿಗ್ಗೆ ಸುಡುವುದು ತಡವಾಗಿ ಶುರು, ಸಂಜೆ ಬೇಗ ಮುಕ್ತಾಯ. ಗುಂಡಿಗೆ ಕೊಳೆ ಹಿಡಿದಿದೆ ಎಂದುಕೊಂಡಳು. ಕೊಳೆ ಎಂದರೆ ಆಕೆಗೆ ಆಗದು. ಆಕೆಯ ಮನೆಯ ಪಾತ್ರೆಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಬೇಕು, ಬೇರೇನೂ ತಾಗಿಸಬಾರದು ಎಂಬ ನಿಯಮ ಗೋಡೆಯ ಮೇಲೇ ಅಂಟಿಸಿತ್ತು. ಒಣಬಟ್ಟೆಗೆ ಹೋಗುವ ಕೊಳೆಯೇ ಅದು? ಆಕೆ ಮನೆಯಿಂದ ಪಾತ್ರೆ ಬೆಳಗುವ ಪುಡಿ ಪೊಟ್ಟಣ ಕಟ್ಟಿ ತಂದಳು. ದಿನಾ ಬೆಳಿಗ್ಗೆ ಸೂರ್ಯ ಬರುವ ಮೊದಲು ಒಂದಿಷ್ಟು ಉಜ್ಜಿ, ತೊಳೆದು, ಒರೆಸಿ ಇಡುವಳು. ಗೆರೆ ದಪ್ಪವಾಗಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಉಜ್ಜಿದಳು. ಕೊಳೆಯಾಗಿದ್ದದ್ದು ಆಕಾಶ, ಆಕೆ ಉಜ್ಜಿದ್ದು ಗಾಜನ್ನು.

ಮೂರನೆಯ ವರ್ಷ ಸ್ಟೋರಿನಲ್ಲಿ ಬೇರೇನೋ ಹುಡುಕುತ್ತಿದ್ದಾಗ ಹುಲ್ಲು ತುಂಬಿದ ಡಬ್ಬಿಯಲ್ಲಿ ಇನ್ನೊಂದು ಗುಂಡು ಸಿಕ್ಕಿತು. ಕಾರ್ಖಾನೆಯಿಂದ ಬಂದ ಹಾಗೇ ಇತ್ತು, ಕಣ್ಣೀರಿನಂತೆ ತಿಳಿ. ಅದನ್ನು ಕಟ್ಟೆಯ ಮೇಲಿನ ಗುಂಡಿನ ಪಕ್ಕಕ್ಕಿಟ್ಟು ನೋಡಿದಳು. ದಿನಾ ನೋಡುತ್ತಿದ್ದವಳಿಗೆ ಕಾಣದೇ ಹೋದದ್ದು ಆವತ್ತು ಕಂಡಿತು. ತನ್ನ ಗುಂಡಿನ ಮೇಲೆ ಹಾಲು ಚೆಲ್ಲಿ ಒರೆಸಿದಂಥ ಮಸುಕು. ಮೇಲಧಿಕಾರಿ ಊರಲ್ಲಿರಲಿಲ್ಲ. ತಂಗಿ ಹೆರಿಗೆಗೆಂದು ಆಸ್ಪತ್ರೆ ಸೇರಿದ್ದಳು, ಹೆಣ್ಣು ಮಗು ಎಂದು ಫೋನು ಬಂದದ್ದೂ ಆಗಲೇ. ಬಿಸಿಲಮ್ಮ ಹೊಸ ಗುಂಡನ್ನು ಕಟ್ಟೆಯ ಮೇಲಿಟ್ಟಳು, ಹಳೆಯದನ್ನು ಚೀಲಕ್ಕೆ ಹಾಕಿಕೊಂಡಳು. ಉಪಕರಣ ಬದಲಿಸಿದರೆ ಬರೆಯಬೇಕಾದ ಜಾಗ ದಾಖಲೆ ಪುಸ್ತಕದಲ್ಲಿತ್ತು. ಅದನ್ನು ಖಾಲಿ ಬಿಟ್ಟು ಆಸ್ಪತ್ರೆಗೆ ಓಡಿದಳು. ಅಂದಿನಿಂದ ಪುಡಿಯನ್ನು ಮುಟ್ಟಲಿಲ್ಲ.

ಹಳೆಯ ಗುಂಡು ಮನೆಯಲ್ಲಿ ಉಳಿಯಿತು, ಮಗುವಿಗೆ ಆಟಿಕೆಯಾಯಿತು; ಕೇಂದ್ರದಲ್ಲಿ ಬೇಡವಾದದ್ದು ಎಂದಷ್ಟೇ ಮನೆಯವರಿಗೆ ಗೊತ್ತಿತ್ತು. ಪುಟ್ಟಿ ಅದರಲ್ಲಿ ತಲೆಕೆಳಗಾದ ಕಿಟಕಿ ನೋಡಿ ಕೇಕೆ ಹಾಕುತ್ತಾ ಬೆಳೆದಳು. ಆಕಾಶದ ಹುಚ್ಚು ಹತ್ತಿಸಿದ್ದೇ ಈ ಗುಂಡು ಎಂದು ಈಗಲೂ ಹೇಳುತ್ತಾಳೆ. ಓದುವ ಮೇಜಿನಿಂದ ಅದು ಕದಲಿದ್ದಿಲ್ಲ. ಇವತ್ತು ಸಮಿತಿಗೆ ತೋರಿಸಲೆಂದು ಅದನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ತಂದಿದ್ದಳು.

ಬಸ್ಸಿನಲ್ಲಿ ಆ ಚೀಲ ಬಿಸಿಲಮ್ಮನ ತೊಡೆಯ ಮೇಲಿತ್ತು. ನಲವತ್ತು ನಿಮಿಷದ ದಾರಿ. ಮೊದಲ ನಿಲ್ದಾಣದಲ್ಲಿ ಹೇಳಿಬಿಡೋಣ ಎಂದುಕೊಂಡಳು, ಚೀಲದ ಹಿಡಿ ಸರಿಪಡಿಸಿಕೊಂಡು ಕೂತಳು. ಎರಡನೆಯದರಲ್ಲಿ ಬಾಯಿ ತೆರೆದಳು. ಪುಟ್ಟಿ ಕಣ್ಣು ಮುಚ್ಚಿ ಮಾತುಗಳನ್ನು ಒಳಗೇ ಉರು ಹೊಡೆಯುತ್ತಿದ್ದಳು. ಐದು ವರ್ಷ ಈ ಹುಡುಗಿ ಸರಿಯಾಗಿ ಉಂಡದ್ದಿಲ್ಲ, ಮಲಗಿದ್ದಿಲ್ಲ. ಜೊತೆಯವರೆಲ್ಲ ಕೊಡೆ ಮೇಷ್ಟ್ರ ಕಡೆ ಸೇರಿದಾಗ ಒಬ್ಬಳೇ ಪಟ್ಟು ಹಿಡಿದು ನಿಂತವಳು. ಈಗ ಹೇಳಿದರೆ ಅವಳ ಕಾಲ ಕೆಳಗಿನ ನೆಲವನ್ನೇ ಎಳೆದ ಹಾಗೆ. ಹೇಳದಿದ್ದರೂ ಒಳ್ಳೆಯದೇ ಆಗುತ್ತದಲ್ಲ, ವಿಮಾನ ಹಾರುವುದಿಲ್ಲವಲ್ಲ, ಯಾರಪ್ಪನ ಗಂಟು ಹೋಯಿತು ಎಂದು ಒಂದು ಮನಸ್ಸು. ಆ ಮನಸ್ಸಿಗೆ ಬಿಸಿಲಮ್ಮ ಹೆಚ್ಚುಕಡಿಮೆ ತಲೆಯಾಡಿಸಿಯೂ ಬಿಟ್ಟಿದ್ದಳು.

ವಿಚಾರಣೆ ನಡೆಯಲಿದ್ದ ಹವಾಮಾನ ಸಂಸ್ಥೆಯ ಕಾರಿಡಾರಿನಲ್ಲಿ ಮರದ ಬೆಂಚಿನ ಮೇಲೆ ಕೂತಿದ್ದಾಗ ಕೊಡೆ ಮೇಷ್ಟ್ರೇ ಎದುರಾದರು. ರಾಕ್ಷಸನಂಥ ಮನುಷ್ಯ ಇರಬೇಕೆಂದು ಬಿಸಿಲಮ್ಮ ಎಣಿಸಿದ್ದಳು. ನೋಡಿದರೆ ಸಣಕಲು ಮುದುಕರು, ಅಂಗಿಯ ಗುಂಡಿ ಒಂದು ಕಿತ್ತುಹೋಗಿತ್ತು. ಪುಟ್ಟಿಯ ಲೆಕ್ಕವನ್ನು ಎರಡು ತಿಂಗಳಿಂದ ಹಿಂದೆ ಮುಂದೆ ತಿರುಗಿಸಿ ನೋಡಿದ್ದಾಗಿ ಹೇಳಿದರು.

“ತಪ್ಪು ಸಿಗ್ಲಿಲ್ಲಮ್ಮ. ನಿಜ ಹೇಳ್ಬೇಕು ಅಂದ್ರೆ, ನೀವು ಹೇಳೋದೇ ಸರಿ ಇರಬಹುದು ಅಂತ ನನಗೂ ಅನ್ನಿಸೋಕೆ ಶುರುವಾಗಿದೆ.”

ಅಷ್ಟು ಹೇಳಿ ನಮಸ್ಕರಿಸಿ ಹೋದರು. ಪುಟ್ಟಿಯ ಮುಖ ಅರಳಿತು. ಬಿಸಿಲಮ್ಮನಿಗೆ ಮಾತ್ರ ಬೆಂಚಿನ ಮೇಲೆ ಮುಳ್ಳು ಎದ್ದಂತಾಯಿತು. ಎದುರಾಳಿ ಜಗಳಗಂಟನಾಗಿದ್ದರೆ ಸುಮ್ಮನಿರಬಹುದಿತ್ತು. ಇವರೋ ಬಿಸಿಲಮ್ಮನ ಸುಳ್ಳನ್ನು ನಂಬಿ ತಲೆ ಬಾಗಿಸಿ ಹೋಗಿದ್ದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಮುಕ್ಕಾಲು. ಬಿಸಿಲಮ್ಮ ಪುಟ್ಟಿಯ ಕೈ ಹಿಡಿದು ಮೆಟ್ಟಿಲ ಬಳಿಗೆ ಎಳೆದುಕೊಂಡು ಹೋದಳು, ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿದಳು. ಪುಡಿ, ಮೂರು ವರ್ಷ, ಸ್ಟೋರಿನ ಡಬ್ಬಿ, ಖಾಲಿ ಬಿಟ್ಟ ಜಾಗ, ಟವೆಲಿನಲ್ಲಿ ಸುತ್ತಿದ ಗುಂಡು.

ಪುಟ್ಟಿ ಗೋಡೆಗೆ ಒರಗಿದಳು. ಮುಖ ಸುಣ್ಣ ಬಳಿದ ಹಾಗಾಗಿತ್ತು.

“ಇನ್ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ.”

ಮೇಲಿನ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದರು. ಪುಟ್ಟಿ ಏನು ಯೋಚಿಸುತ್ತಿದ್ದಾಳೆಂದು ಬಿಸಿಲಮ್ಮನಿಗೆ ಗೊತ್ತಿತ್ತು, ಬಸ್ಸಿನಲ್ಲಿ ತಾನೂ ಅದನ್ನೇ ಯೋಚಿಸಿದ್ದಳು. ಹೇಳಬೇಡ ಅನ್ನುತ್ತಾಳೇನೋ ಎಂದು ಒಂದು ಕಡೆ ಆಸೆ, ಅಂದುಬಿಟ್ಟರೆ ಇವಳ ಗತಿಯೇನು ಎಂದು ಇನ್ನೊಂದು ಕಡೆ ಹೆದರಿಕೆ.

ಪುಟ್ಟಿ ಬೈದಳು. ಜೀವನದಲ್ಲಿ ಮೊದಲ ಸಲ ದೊಡ್ಡಮ್ಮನನ್ನು ಬೈದಳು, ಅದೂ ದನಿ ಏರಿಸದೆ. ಐದು ವರ್ಷ ನಿನ್ನ ಮುಂದೆಯೇ ಕೂತು ಪಟ್ಟಿ ಎಣಿಸಿದೆನಲ್ಲ, ಒಂದು ಮಾತು ಹೇಳಲು ನಿನಗೆ ನಾಲಿಗೆ ಬರಲಿಲ್ಲವೇ ಎಂದಳು. ಪಟ್ಟಿಯಿಂದ ನೀನು ಏನು ಹುಡುಕುತ್ತಿದ್ದೀಯೆಂದು ನನಗೆ ಈ ಬೆಳಿಗ್ಗೆವರೆಗೂ ತಿಳಿದಿರಲಿಲ್ಲ ಎಂದು ಬಿಸಿಲಮ್ಮ ತೊದಲಿದಳು. ಅದು ನಿಜವೇ, ಆದರೆ ಆ ಹೊತ್ತಿಗೆ ಆಕೆಯ ಕಿವಿಗೇ ಅದು ನೆಪದಂತೆ ಕೇಳಿತು. ಪುಟ್ಟಿ ಕಣ್ಣೊರೆಸಿಕೊಂಡಳು. ಆಮೇಲೆ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದಳು, ಮಾಳಿಗೆಯ ಕಡೆಗೆ.

“ಬಾ. ನೀನು ಹೇಳಿದ್ದು, ನಾನು ನಂಬಿದ್ದು, ಎರಡೂ ಸಾಕಾಗಲ್ಲ. ನೋಡ್ಬೇಕು.”

ಸಂಸ್ಥೆಯ ಮಾಳಿಗೆಯ ಮೇಲೂ ಅಂಥದೇ ಗುಂಡೊಂದಿತ್ತು. ಅದನ್ನು ನೋಡಿಕೊಳ್ಳುವ ನರೆಮೀಸೆಯ ನೌಕರ ಕೈ ಹಾಕಲು ಬಿಡಲಿಲ್ಲ. ನಡುಹಗಲಲ್ಲಿ ಗುಂಡು ಬದಲಿಸಿದರೆ ದಾಖಲೆ ಕೆಟ್ಟಂತೆ, ತನ್ನ ಕೆಲಸಕ್ಕೆ ಸಂಚಕಾರ ಬರುತ್ತದೆ ಎಂದ. ಬಿಸಿಲಮ್ಮ ಅವನ ಮೇಜಿನ ಮೇಲಿದ್ದ ಪುಸ್ತಕವನ್ನು ಅವನ ಮುಂದೆಯೇ ತೆರೆದಿಟ್ಟಳು.

“ಎಷ್ಟು ಗಂಟೆಗೆ ತೆಗೆದ್ವಿ, ಎಷ್ಟು ಗಂಟೆಗೆ ವಾಪಸ್ ಇಟ್ವಿ, ಯಾರು, ಯಾಕೆ, ಎಲ್ಲ ಬರೀರಿ. ಬರೆದ್ರೆ ಯಾವ ದಾಖಲೆನೂ ಕೆಡಲ್ಲ. ಬರೀದೆ ಇದ್ರೆ ಕೆಡತ್ತೆ.”

ಅವನು ಬರೆದುಕೊಂಡ. ಹನ್ನೆರಡೂವರೆಗೆ ಹಳೆಯ ಗುಂಡು ಬಟ್ಟಲಿಗೆ ಕೂತಿತು. ಅರ್ಧ ಗಂಟೆ ಇದು, ಅರ್ಧ ಗಂಟೆ ಸಂಸ್ಥೆಯದು. ಮೂವರೂ ನೆರಳಿಲ್ಲದ ಮಾಳಿಗೆಯ ಮೇಲೆ ಬೆವರುತ್ತಾ ನಿಂತರು. ಒಂದಕ್ಕೆ ಗುಂಡು ಬದಲಿಸಿದ್ದೇ ತಡ, ಪಡುವಣದಿಂದ ಒಂದು ಮೋಡ ನಿಧಾನವಾಗಿ ಏರಿ ಬಂದು ಸೂರ್ಯನ ಮುಂದೆ ಬೀಡುಬಿಟ್ಟಿತು. ಬಿಸಿಲಮ್ಮ ಮೋಡಗಳನ್ನು ಬೈದವಳಲ್ಲ, ಬಂದದ್ದನ್ನು ಬರೆದುಕೊಳ್ಳುವುದಷ್ಟೇ ತನ್ನ ಕೆಲಸ ಎನ್ನುವವಳು. ಅವತ್ತು ಅದಕ್ಕೆ ಬಾಯಿಗೆ ಬಂದಂತೆ ಬೈದಳು. ಒಂದೂಕಾಲು, ಒಂದೂ ಇಪ್ಪತ್ತೈದು. ಪುಟ್ಟಿ ಗಡಿಯಾರ ನೋಡುವುದನ್ನೇ ಬಿಟ್ಟಳು. ಒಂದೂವರೆ ದಾಟಿದ ಮೇಲೆ ಬಿಸಿಲು ಮತ್ತೆ ಬಿತ್ತು. ಎರಡಕ್ಕೆ ಪಟ್ಟಿ ತೆಗೆದರು.

ಅಳತೆಗೋಲು ಬೇಕಾಗಲೇ ಇಲ್ಲ. ಸಂಸ್ಥೆಯ ಗುಂಡು ಸುಟ್ಟಲ್ಲಿ ರಟ್ಟು ಸೀಳಿಹೋಗಿ ಆಚೆ ಬದಿ ಕಾಣುತ್ತಿತ್ತು. ಹಳೆಯದು ಸುಟ್ಟಲ್ಲಿ ಇಸ್ತ್ರಿಪೆಟ್ಟಿಗೆ ತುಸು ಹೊತ್ತು ಹೆಚ್ಚಿಗೆ ತಾಗಿದ ಬಟ್ಟೆಯಂತೆ ಕಂದು ಬಣ್ಣ, ಅಷ್ಟೇ. ನೆತ್ತಿಯ ಮೇಲಿನ ಬಿಸಿಲಿಗೇ ಇಷ್ಟು. ಬೆಳಗಿನ ಸಂಜೆಯ ಎಳೆಬಿಸಿಲಿಗೆ ಈ ಗುಂಡು ಏನನ್ನೂ ಸುಟ್ಟಿರಲಾರದು. ಪುಟ್ಟಿ ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಹೆಚ್ಚೆಂದರೆ ಮೊದಲ ಒಂದೂವರೆ ವರ್ಷ ಆಕಾಶದ್ದಿರಬಹುದು, ಆಮೇಲಿನದು ಗಾಜಿನದು ಎಂದಳು. ಕೊಡೆ ಮೇಷ್ಟ್ರು ಹೇಳುವುದೂ ಅಷ್ಟೇ ಅಲ್ಲವೇ ಎಂದು ಬಿಸಿಲಮ್ಮ ಕೇಳಲು ಹೋಗಿ ತುಟಿ ಕಚ್ಚಿಕೊಂಡಳು. ಪುಟ್ಟಿಯ ಮೂರು ವರ್ಷ ಆ ಮಾಳಿಗೆಯ ಮೇಲೇ ಸತ್ತಿತ್ತು.

ಮೂರಕ್ಕೆ ಉದ್ದನೆಯ ಮೇಜಿನ ಸುತ್ತ ಸಮಿತಿಯ ಏಳು ಜನ ಕೂತಿದ್ದರು, ತಲೆಯ ಕಡೆ ಕನ್ನಡಕದ ಅಧ್ಯಕ್ಷೆ, ಬದಿಗೆ ಬೇರೆ ಕುರ್ಚಿಯಲ್ಲಿ ಕೊಡೆ ಮೇಷ್ಟ್ರು. ಪುಟ್ಟಿ ದೊಡ್ಡ ಹಾಳೆಯನ್ನು ಬಿಡಿಸಲೇ ಇಲ್ಲ. ಎದ್ದು ನಿಂತು, ನಾನು ಕಳಿಸಿದ ಅಂಕಿ ತಪ್ಪು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದಳು. ಕಾರಣವನ್ನೂ ಹೇಳಿದಳು, ಸುಟ್ಟ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ತಪ್ಪು ಯಾರದು ಎಂದು ಒಬ್ಬರು ಕೇಳಿದಾಗ, ಕೇಳದೆ ನಂಬಿದ್ದು ನನ್ನದು ಎಂದಳು. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಬಿಸಿಲಮ್ಮ ತಡೆಯಲಾರದೆ ಎದ್ದಳು.

“ಅವಳದ್ದಲ್ಲ, ನನ್ನದು. ಉಜ್ಜಿದ್ದು ನಾನು.”

ಏಳೂ ಜನ ತಿರುಗಿದರು. ಯಾಕೆ ಉಜ್ಜಿದಿರಿ ಎಂದು ಕೇಳಿದವರು ಕೊಡೆ ಮೇಷ್ಟ್ರು, ಅದೂ ಮೆಲ್ಲಗೆ. ಗೆದ್ದವರ ಗತ್ತು ಅವರ ದನಿಯಲ್ಲಿ ಇರಲಿಲ್ಲ. ಬಿಸಿಲಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಿಸಿಲು ಕಡಿಮೆ ಬೀಳುತ್ತಿತ್ತು, ಸರಿ ಮಾಡೋಣ ಎಂದು ಉಜ್ಜಿದೆ. ಸರಿಹೋಗಲಿಲ್ಲ, ಇನ್ನಷ್ಟು ಉಜ್ಜಿದೆ. ದಿನಾ ನೋಡುತ್ತಿದ್ದೆ, ಆದ್ದರಿಂದಲೇ ಕೆಡುತ್ತಿರುವುದು ಕಾಣಲಿಲ್ಲ. ಹಾಗಾದರೆ ಕೊನೆಗೆ ಹೇಗೆ ನಿಲ್ಲಿಸಿದಿರಿ ಎಂದು ಅವರು ಕೇಳಿದರು.

“ಸ್ಟೋರಲ್ಲಿ ಇನ್ನೊಂದು ಗುಂಡಿತ್ತು ಸಾರ್. ಪಕ್ಕದಲ್ಲಿಟ್ಟು ನೋಡಿದೆ, ಆಗ ಗೊತ್ತಾಯ್ತು. ಅದಿಲ್ದೆ ಹೋಗಿದ್ರೆ ಇವತ್ತಿಗೂ ಉಜ್ತಾನೇ ಇರ್ತಿದ್ದೆ.” ಆಮೇಲೆ ಕುತೂಹಲಕ್ಕೆಂಬಂತೆ ಕೇಳಿದಳು. “ನೀವು ಎರಚೋಕೆ ಹೊರಟಿದ್ದೀರಲ್ಲ, ನಿಮಗೆ ಪಕ್ಕದಲ್ಲಿಟ್ಟು ನೋಡೋಕೆ ಏನಿದೆ?”

ಕೊಡೆ ಮೇಷ್ಟ್ರು ಕಿತ್ತುಹೋದ ಗುಂಡಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. “ಇಲ್ಲ” ಎಂದರು. ಅಧ್ಯಕ್ಷೆ ಅದನ್ನು ಬರೆದುಕೊಂಡರು.

ಅವತ್ತು ತೀರ್ಮಾನವಾಗಲಿಲ್ಲ. ಪುಟ್ಟಿಯ ಅಂಕಿ ಬಿದ್ದುಹೋಯಿತು; ಆದರೆ ವಿಮಾನ ಹಾರಿಸಲು ಕೈ ಎತ್ತಿ ಎಂದು ಅಧ್ಯಕ್ಷೆ ಕೇಳಿದಾಗ ಏಳರಲ್ಲಿ ಮೂರೇ ಕೈ ಮೇಲೆದ್ದವು. ಆರು ತಿಂಗಳ ನಂತರ ಮತ್ತೆ ಸೇರೋಣ ಎಂದಾಯಿತು. ಗೆಲುವೂ ಅಲ್ಲ, ಸೋಲೂ ಅಲ್ಲ. ಪುಟ್ಟಿಯ ಐದು ವರ್ಷ ಮಾತ್ರ ಮಣ್ಣುಪಾಲಾಗಿತ್ತು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಪುಟ್ಟಿ ಈ ತುದಿ, ಬಿಸಿಲಮ್ಮ ಆ ತುದಿ, ನಡುವೆ ಪೆಟ್ಟಿಗೆ. ಒಂದು ಬಸ್ಸು ಬಂದು ಹೋಯಿತು, ಇಬ್ಬರೂ ಏಳಲಿಲ್ಲ. ಪುಟ್ಟಿ ಪೆಟ್ಟಿಗೆಯ ಬೀಗ ತೆಗೆದು ಹಳೆಯ ದಾಖಲೆ ಪುಸ್ತಕ ಹೊರಗೆಳೆದಳು. ತಾನು ಹುಟ್ಟಿದ ತಿಂಗಳ ಪುಟ ಬಿಡಿಸಿ, ಉಪಕರಣದ ವಿಷಯ ಬರೆಯಬೇಕಾದ ಖಾಲಿ ಜಾಗದ ಮೇಲೆ ಪೆನ್ನನ್ನು ಇಟ್ಟಳು.

ಬಿಸಿಲಮ್ಮ ಕನ್ನಡಕ ಹಾಕಿಕೊಂಡು ಬರೆದಳು. ಈ ದಿನ ಗುಂಡನ್ನು ಬದಲಿಸಿದೆ. ಹಳೆಯದು ನಾನು ಪುಡಿಯಿಂದ ಉಜ್ಜಿ ಕೆಟ್ಟಿತ್ತು. ತಂಗಿಯ ಹೆರಿಗೆಯ ಅವಸರದಲ್ಲಿ ಬರೆಯಲು ಮರೆತೆ. ಕೆಳಗೆ ಇಂದಿನ ತಾರೀಖು ಹಾಕಿ, ಸೇವಾ ಪುಸ್ತಕದಲ್ಲಿದ್ದ ಆ ಹೆಸರಿನಲ್ಲಿ ಸಹಿ ಮಾಡಿ ಪುಸ್ತಕವನ್ನು ಪುಟ್ಟಿಯ ಕಡೆ ಸರಿಸಿದಳು.

ಪುಟ್ಟಿ ಓದಿದಳು. ಓದಿ ದೊಡ್ಡಮ್ಮನ ಮುಖ ನೋಡಿದಳು. ಬೆಳಿಗ್ಗೆ ಮೆಟ್ಟಿಲ ಬಳಿ ಗೋಡೆಗೆ ಒರಗಿದಾಗ ಇದ್ದ ಮುಖವೇ ಅದು. ಬಿಸಿಲಮ್ಮ ಎಷ್ಟೋ ಹೊತ್ತು ರಸ್ತೆ ನೋಡಿದಳು. ಮರೆತೆ ಎಂಬುದು ಮೂವತ್ತೊಂದು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದ ಮಾತು, ಹೇಳಿ ಹೇಳಿ ನಿಜವೇ ಆಗಿಹೋಗಿತ್ತು. ಪುಸ್ತಕವನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು. ಹೆರಿಗೆಯ ಅವಸರದ ಸಾಲಿಗೆ ಅಡ್ಡಗೆರೆ ಎಳೆದು, ಅದರ ಮೇಲೆ ಸಣ್ಣ ಅಕ್ಷರದಲ್ಲಿ ತಿದ್ದಿ ಬರೆದಳು.

“ಮರೆತಿರಲಿಲ್ಲ. ಹೆದರಿ ಬರೆಯಲಿಲ್ಲ.”

ಪುಟ್ಟಿ ಪುಸ್ತಕ ಮುಚ್ಚಿ ಪೆಟ್ಟಿಗೆಯಲ್ಲಿಟ್ಟಳು. ಪೆಟ್ಟಿಗೆಯನ್ನು ಎತ್ತಿ ಕಾಲಬುಡಕ್ಕಿಟ್ಟು, ಬೆಂಚಿನ ಮೇಲೆ ದೊಡ್ಡಮ್ಮನ ಪಕ್ಕಕ್ಕೆ ಸರಿದು ಕೂತಳು.